ಅಮ್ಮನ ಮಾನಿಟರ್ ನಾನು ಸೆಲೆಕ್ಟ್ ಮಾಡಬಾರದಿತ್ತು

ಮೊದಲೇ ಸಾರಿ ಕೇಳ್ತೀನಿ. ಮನೆ ವಿಷಯ ಇಲ್ಲಿ ಬರೀಬಾರ್ದು ಅಂತ ಗೊತ್ತು. ಮೂರು ಸಲ ಟೈಪ್ ಮಾಡಿ ಡಿಲೀಟ್ ಮಾಡ್ದೆ... ಬೇರೆ ಯಾರನ್ನ ಕೇಳ್ಬೇಕೋ ಗೊತ್ತಾಗ್ತಿಲ್ಲ. ಐದನೇ ಕ್ಲಾಸಿಂದ ಹಾಸ್ಟೆಲಲ್ಲೇ ಇದ್ದೋಳು, ಕನ್ನಡ ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳಿ.

ಕುಣಿಗಲ್ಲಲ್ಲಿ ನಮ್ಮ ಮನೆ ಮುಂದಿನ ರೂಮಲ್ಲಿ ಅಮ್ಮ ಮದುವೆ ಕಾರ್ಡ್ ಡಿಸೈನ್ ಮಾಡ್ತಾರೆ. ಕಂಪ್ಯೂಟರಲ್ಲಿ ರೆಡಿ ಮಾಡಿ ತುಮಕೂರಿನ ಒಂದು ಪ್ರೆಸ್‌ಗೆ ಫೈಲ್ ಕಳಿಸೋದು, ಪ್ರಿಂಟ್ ಆದ ಕಟ್ಟು ಅಲ್ಲಿಂದ ನೇರ ಗಿರಾಕಿಗೇ ಹೋಗುತ್ತೆ.

ಹಳೇ ಮಾನಿಟರಲ್ಲಿ ಉದ್ದುದ್ದ ಗೆರೆ ಬರೋಕೆ ಶುರುವಾದಾಗ, ಹೊಸದು ತರೋ ಕೆಲಸ ನನ್ನ ಮೇಲೆ ಬಂತು. ನಾನು ಇಂಜಿನಿಯರಿಂಗ್ ಫಸ್ಟ್ ಇಯರ್, ಅದೂ ಕಂಪ್ಯೂಟರ್ ಸೈನ್ಸ್ ಅಲ್ವಾ.

ಅಮ್ಮ ಕೇಳಿದ್ದು ಇಷ್ಟೇ. "ಚಪ್ಪಟೆ ಇರ್ಲಿ, ಬಣ್ಣ ಇದ್ದಂಗೆ ಕಾಣ್ಲಿ. ಜಾಸ್ತಿ ದೊಡ್ಡದು ಬೇಡ ಕಣೇ, ಕತ್ತು ನೋಯ್ತದೆ."

ನಾನು ತಗೊಂಡು ಹೋಗಿದ್ದು ದೊಡ್ಡ ಕರ್ವ್ಡ್ ಗೇಮಿಂಗ್ ಮಾನಿಟರ್.

ಸತ್ಯ ಹೇಳ್ಬಿಡ್ತೀನಿ. ತುಮಕೂರಿನ ಶೆಟ್ಟಿಹಳ್ಳಿ ಪಿಜಿಲಿ ನನ್ನ ರೂಮ್‌ಮೇಟ್ ಚೈತ್ರ ಗುಬ್ಬಿಯವಳು. ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋದಾಗ ಅವಳ ಅಣ್ಣನ ಹತ್ರ ಅಂಥದ್ದು ನೋಡಿದ್ದೆ. ಮುಂದೆ ಕೂತ್ರೆ ಗೇಮ್ ಒಳಗೇ ಹೋದಂಗೆ ಇತ್ತು. ರಜಕ್ಕೆ ಮನೆಗೆ ಹೋದಾಗ ನಾನೂ ಆಡಬಹುದಲ್ಲ ಅಂತ ಅವತ್ತಿಂದ ತಲೇಲಿ ಅದೇ.

ಅಂಗಡಿಯವರು ಏನ್ ಕೆಲಸಕ್ಕೆ ಅಂತ ಕೇಳಿದ್ರು. ಡಿಸೈನಿಂಗ್ ಅಂದೆ. ಅವರು ಒಂದು ಫ್ಲಾಟ್ ತೋರಿಸಿ, ಎಲ್ಲಿಂದ ನೋಡಿದ್ರೂ ಇದರಲ್ಲಿ ಬಣ್ಣ ಬದಲಾಗಲ್ಲ ಮೇಡಂ ಅಂದ್ರು. ನೋಡೋಕೆ ಸಪ್ಪೆ ಇತ್ತು. ನಾನೇ ಬೇಡ ಅಂದೆ.

ಮನೇಲಿ ಫಿಟ್ ಮಾಡಿದ ದಿನ ಒಂದು ಗಂಟೆ ಗೇಮ್ ಆಡ್ದೆ. ಕೆಳಗಿನ ಬಟನ್ ಒತ್ತಿ ಗೇಮ್ ಮೋಡ್ ಹಾಕಿದ್ದೆ, ಬಣ್ಣ ಎಲ್ಲ ಧಗಧಗ ಅಂತ ಬರುತ್ತೆ ಅದರಲ್ಲಿ. ಹಾಗೇ ಬಿಟ್ಟು ತುಮಕೂರಿಗೆ ಬಂದೆ.

ಅಮ್ಮ ಕೆಲಸ ಮಾಡೋ ರೀತಿ ನನಗೆ ಗೊತ್ತಿರಲಿಲ್ಲ. ಹತ್ತಿರ ಕೂತು ನೋಡಿದ್ದೇ ಇಲ್ಲ. ಅವರು ಹಿಂದೆ ಪ್ರಿಂಟ್ ಆಗಿರೋ ಕಾರ್ಡ್ ಒಂದನ್ನ ಸ್ಕ್ರೀನ್ ಪಕ್ಕ ಹಿಡಿದು, ಎರಡೂ ಒಂದೇ ಥರ ಕಾಣೋವರೆಗೂ ಬಣ್ಣ ಹೊಂದಿಸ್ತಾರೆ. ಎಲ್ಲ ಕಣ್ಣಳತೇಲೇ.

ಒಂದಿನ ಮಧ್ಯಾಹ್ನ ಫೋನ್ ಮಾಡಿದ್ರು. "ಕೆಂಪು ಕಣ್ಣಿಗೆ ಹೊಡೀತದಲ್ಲೇ... ಎಷ್ಟು ಕಮ್ಮಿ ಮಾಡಿದ್ರೂ ಹಂಗೇ ಐತೆ."

ಲ್ಯಾಬ್‌ಗೆ ಲೇಟ್ ಆಗ್ತಿತ್ತು. "ಇದೇ ಒರಿಜಿನಲ್ ಕಲರ್ ಅಮ್ಮ, ಹಳೇದ್ರಲ್ಲಿ ಡಲ್ಲಾಗಿ ಕಾಣ್ತಿತ್ತು ಅಷ್ಟೇ" ಅಂದೆ.

"ಸರಿ ಬುಡು, ಓದಿರೋಳು ನೀನು" ಅಂತ ಫೋನ್ ಇಟ್ಟರು.

ಅವರು ಕೆಂಪನ್ನ ಕಮ್ಮಿ ಮಾಡ್ತಾ ಮಾಡ್ತಾ ಸ್ಕ್ರೀನ್ ಮೇಲೆ ಕುಂಕುಮದ ಬಣ್ಣಕ್ಕೆ ತಂದಿದಾರೆ. ಪ್ರೆಸ್ಸಲ್ಲಿ ಅದು ಕಪ್ಪಿಗೆ ತಿರುಗಿದೆ.

ಹೋದ ಶನಿವಾರ ನಾನು ಮನೇಲಿದ್ದೆ. ಕೊತ್ತಗೆರೆಯಿಂದ ಮದುವೆ ಹುಡುಗಿಯ ದೊಡ್ಡಪ್ಪ ಬಂದ್ರು, ಕೈಲಿ ಕಾರ್ಡಿನ ಕಟ್ಟು. ನಮ್ಮ ಕಡೆ ಮೊದಲನೇ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಿ ಮನೆದೇವರ ಮುಂದೆ ಇಡ್ತಾರೆ. ಅದಕ್ಕೆ ಅಂತ ಕಟ್ಟು ಬಿಚ್ಚಿದಾಗಲೇ ಅವರು ಬಣ್ಣ ನೋಡಿದ್ದು.

"ಏನ್ ತಾಯಿ ಇದು, ಮದುವೆಗೆ ಕರೀತಿದೀವಾ, ಹನ್ನೊಂದನೇ ದಿನಕ್ಕಾ? ಇದನ್ನ ದೇವರ ಮುಂದೆ ಹೆಂಗಮ್ಮ ಇಡಾದು?"

ನಮ್ಮಲ್ಲಿ ತಿಥಿ ಕಾರ್ಡಷ್ಟೇ ಕಪ್ಪಲ್ಲಿ ಬರೋದು. ಅಮ್ಮ ಕಾರ್ಡನ್ನ ಬಾಗಿಲ ಹತ್ರ ಬಿಸಿಲಿಗೆ ಹಿಡಿದು ನೋಡಿದ್ರು. ತಿರುಗಿಸಿ ನೋಡಿದ್ರು. "ಬೇರೆ ಹಾಕಿಸಿಕೊಡ್ತೀನಿ ಅಣ್ಣ" ಅಂದ್ರು, ಧ್ವನಿ ಸಣ್ಣದಾಗಿತ್ತು.

"ದೊಡ್ಡ ಹುಡುಗೀದೂ ನೀನೇ ಮಾಡಿದ್ದು, ಊರೆಲ್ಲ ಚೆನ್ನಾಗೈತೆ ಅಂದಿದ್ರು. ಅದಕ್ಕೇ ನಿನ್ ತಾವ ಬಂದ್ವಿ. ಹೋಗ್ಲಿ, ಬೇರೆ ಕಡೆ ನೋಡ್ಕೊತೀವಿ." ಬೈಯಲಿಲ್ಲ ಅವರು. ಬೈದಿದ್ರೆ ವಾಸಿಯಿತ್ತು.

ಅವರು ಹೋದ ಮೇಲೆ ಅಮ್ಮ ನನ್ನ ಕಡೆ ನೋಡಿ, "ನನ್ ಕಣ್ಣು ಹೋಯ್ತು ಅನ್ಸುತ್ತೆ ಕಣೇ" ಅಂದ್ರು.



ಅವರು ಒಳಗೆ ಹೋದಾಗ ಕಂಪ್ಯೂಟರ್ ಮುಂದೆ ಕೂತು ಫೈಲ್ ಓಪನ್ ಮಾಡ್ದೆ. ಸ್ಕ್ರೀನ್ ಮೇಲೆ ಕೆಂಪು ಚೆನ್ನಾಗೇ ಇದೆ. ಬಟನ್ ಒತ್ತಿ ಗೇಮ್ ಮೋಡ್ ತೆಗೆದೆ... ಕಾರ್ಡ್ ಕಪ್ಪಾಯ್ತು. ಆ ದೊಡ್ಡಪ್ಪನ ಕೈಲಿದ್ದ ಅದೇ ಕಪ್ಪು. ತಲೆ ಸ್ವಲ್ಪ ಆಚೀಚೆ ಮಾಡಿದ್ರೆ ಅದೂ ಬೇರೆ ಬೇರೆ ಕಾಣುತ್ತೆ. ಬಾರ್ಡರ್ ಗೆರೆ ಬಿಲ್ಲಿನ ಥರ ಬಗ್ಗಿದೆ.

ಅಡುಗೆಮನೆಯಿಂದ ಅಮ್ಮ ಪ್ರೆಸ್‌ನೋರ ಜೊತೆ ಮಾತಾಡೋದು ಕೇಳಿಸ್ತು. "ಇನ್ಮೇಲೆ ಮದುವೆ ಕಾರ್ಡ್ ಒಪ್ಕೊಳಲ್ಲ ಅಣ್ಣ. ಕಣ್ಣು ಹಿಡೀತಿಲ್ಲ. ಬಿಲ್ ಬುಕ್ಕು ಗಿಲ್ ಬುಕ್ಕು ಇದ್ರೆ ಹೇಳಿ."

ಆಮೇಲೆ ಕಾಫಿ ಹಿಡ್ಕೊಂಡು ಬಂದ್ರು. ಅವರ ಹೆಜ್ಜೆ ಸದ್ದು ಕೇಳಿದ ತಕ್ಷಣ ನನ್ನ ಬೆರಳು ಮತ್ತೆ ಅದೇ ಬಟನ್ ಒತ್ತಿಬಿಡ್ತು. ಕಾರ್ಡ್ ಮತ್ತೆ ಕೆಂಪಾಯ್ತು.

"ಸ್ಕ್ರೀನಲ್ಲಿ ಸರಿಯಾಗೇ ಐತಲ್ಲೇ" ಅಂದ್ರು ಅಮ್ಮ.

ಹೂಂ ಅಂದೆ.

ಆ ಹೂಂ ಯಾಕಂದೆ ಅಂತ ನಾಲ್ಕು ದಿನದಿಂದ ಯೋಚಿಸ್ತಿದೀನಿ. ಕ್ಲಾಸಲ್ಲಿ ಏನೂ ತಲೆಗೆ ಹೋಗ್ತಿಲ್ಲ.

ಈ ಶನಿವಾರ ಬೆಳಿಗ್ಗೆ ಅಮ್ಮ ಕಣ್ಣಿನ ಡಾಕ್ಟರ್ ಹತ್ರ ಹೋಗ್ತಾರಂತೆ, ಜೊತೆಗೆ ಬಾ ಅಂದಿದಾರೆ. ಅದಕ್ಕೂ ಮೊದಲು ಎಲ್ಲ ಹೇಳ್ಬೇಕು. ಈ ವಾರದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀವಿ ಅಂತ ಅಂಗಡಿಯವರು ಒಪ್ಪಿದಾರೆ. ಸರಿಯಾದ ಮಾನಿಟರ್ ಯಾವುದು ಅಂತಾದ್ರೂ ಗೊತ್ತಿದ್ರೆ ಹೇಳೋಕೆ ಬಾಯಿ ಬರುತ್ತೇನೋ.

ಇಲ್ಲಿ ಕಾರ್ಡ್ ಡಿಸೈನ್ ಮಾಡೋರು ಯಾರಾದ್ರೂ ಇದ್ರೆ, ಮನೇಲಿ ಯಾವ ಫ್ಲಾಟ್ ಮಾನಿಟರ್ ಇಟ್ಕೊಂಡಿದೀರಾ, ಪ್ರಿಂಟಲ್ಲಿ ಬಣ್ಣ ಹಾಗೇ ಬರುತ್ತಾ? ಇವತ್ತು ಬುಧವಾರ... ದಯವಿಟ್ಟು ಬೇಗ ರಿಪ್ಲೈ ಮಾಡಿ.