ಭೀಮೆಯ ಆಚೆ ದಂಡೆಯಿಂದ ಬಂದ ಮಾತು

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎನ್ನುವವರ ಮಾತನ್ನು ಚಹಾ ಮುಗಿಯುವವರೆಗೆ ಕೇಳಿ ಎದ್ದು ಹೋಗುತ್ತಿದ್ದವನು ನಾನು. ವಾದ ಮಾಡುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ಈಗ ಅಂಥವರು ಸಿಕ್ಕರೆ ಕೊನೆಯವರೆಗೆ ಕುಳಿತು ಕೇಳುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ. ನನಗೂ ಅಂಥದೊಂದು ಆಗಿದೆ, ಅದನ್ನು ಏನೆಂದುಕೊಳ್ಳಬೇಕೋ ಇನ್ನೂ ತಿಳಿದಿಲ್ಲ.

ಕೆಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಸಣ್ಣ ಮಾಸಪತ್ರಿಕೆಗೆ ಪ್ರವಾಸ ಲೇಖನಗಳನ್ನು ಬರೆಯುತ್ತಿದ್ದೆ. ನಮ್ಮ ರಾಜ್ಯಕ್ಕೂ ಮಹಾರಾಷ್ಟ್ರಕ್ಕೂ ನಡುವೆ ಭೀಮೆ ಗಡಿಯಾಗಿ ಹರಿಯುವಷ್ಟು ದೂರ ಅದರ ದಂಡೆ ಹಿಡಿದು ಹೋಗಬೇಕೆಂಬುದು ಬಹಳ ದಿನದ ಆಸೆ. ಸೂಪರ್ ಮಾರ್ಕೆಟ್ ಹತ್ತಿರ ಬಾಡಿಗೆ ಕಾರು ನಿಲ್ಲಿಸುತ್ತಿದ್ದ ಮಲ್ಲಿನಾಥನನ್ನು ಕೇಳಿದೆ. ಅವನು ಕಮಲಾಪುರದವನು, ಮಾತು ಕಡಿಮೆ. ಭೀಮೆ ಎಂದ ಕೂಡಲೇ, ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿ, ಆಮೇಲೆ "ಬರ್ತೀನಿ ತಗೋರಿ ಸರ" ಎಂದ.

ಹಿಂಜರಿದದ್ದು ಯಾಕೆಂದು ಅಫಜಲಪುರ ದಾಟಿದ ಮೇಲೆ ಅವನೇ ಹೇಳಿದ. ಅವನ ಅಕ್ಕ ಕಸ್ತೂರಿಯನ್ನು ನದಿಯಾಚೆಯ ಊರಿಗೆ ಕೊಟ್ಟಿದ್ದರು. ಬಟ್ಟೆ ಒಗೆಯಲು ಹೋದವಳು ಕಾಲು ಜಾರಿ ಹೊಳೆಗೆ ಬಿದ್ದಳು ಎಂದು ಒಂದು ದಿನ ಫೋನು ಬಂತು. ಕಮಲಾಪುರದವರು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಹೆತ್ತ ತಾಯಿಗೆ ಮಗಳ ಮುಖ ನೋಡಲು ಸಿಗಲಿಲ್ಲ. ಮಲ್ಲಿನಾಥ ಅಂದಿನಿಂದ ಹೊಳೆಯ ಕಡೆ ಬಂದಿರಲಿಲ್ಲ.

ದಂಡೆಯ ಹಾದಿ ಚೆನ್ನಾಗಿತ್ತು. ಎರಡೂ ಕಡೆ ಕಬ್ಬು, ಎರಡೂ ಕಡೆ ನೀರೆತ್ತುವ ಪೈಪುಗಳು. ಕಾರು ಈಚೆಗಿದ್ದರೂ ಮೊಬೈಲು ಆಚೆ ರಾಜ್ಯದ ಟವರ್ ಹಿಡಿಯುತ್ತಿತ್ತು. ಅದನ್ನೆಲ್ಲ ಬರೆಯಬೇಕೆಂದು ನಾನು ಖುಷಿಯಲ್ಲಿದ್ದೆ. ಬಿಸಿಲು ನೆತ್ತಿಗೇರಿದ ಹೊತ್ತಿಗೆ ದೋಣಿ ಕಟ್ಟುವ ಒಂದು ಜಾಗಕ್ಕೆ ಬಂದೆವು. ಅಂಬಿಗ ಜಾಲಿಯ ನೆರಳಲ್ಲಿ ಮಲಗಿದ್ದ.

ಆಚೆ ದಂಡೆಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಹಸಿರು ಸೀರೆ, ಕಚ್ಚೆ ಹಾಕಿದ್ದಳು. ಮೊದಲು ನನಗೆ ವಿಚಿತ್ರ ಅನ್ನಿಸಿದ್ದು ಆ ಸದ್ದು. ಹೊಳೆ ಅಲ್ಲಿ ಬಹಳ ಅಗಲ. ಬಟ್ಟೆ ಕಲ್ಲಿಗೆ ಬಡಿದದ್ದು ಕಣ್ಣಿಗೆ ಕಂಡ ಮೇಲೆ ಸದ್ದು ತುಸು ತಡವಾಗಿ ಬರಬೇಕು. ಹಾಗಾಗುತ್ತಿರಲಿಲ್ಲ. ಕಾಣುವುದೂ ಕೇಳುವುದೂ ಒಟ್ಟಿಗೇ, ಪಕ್ಕದಲ್ಲೇ ಒಗೆಯುತ್ತಿರುವ ಹಾಗೆ. ನಾನು ಮಲ್ಲಿನಾಥನ ಕಡೆ ತಿರುಗಿದೆ. ಅವನು ಆ ಹೆಂಗಸನ್ನೇ ನೋಡುತ್ತಿದ್ದ. "ಅಕ್ಕಾ" ಎಂದ. ಕೂಗಲಿಲ್ಲ, ಮನೆಯಲ್ಲಿ ಕರೆಯುವಷ್ಟೇ ದನಿಯಲ್ಲಿ ಅಂದ.

ಹೆಂಗಸು ಸೊಂಟ ನೆಟ್ಟಗೆ ಮಾಡಿ ನಮ್ಮ ಕಡೆ ನೋಡಿದಳು. ಅಷ್ಟು ದೂರದಿಂದ ಮುಖ ಕಾಣುವಂತಿರಲಿಲ್ಲ. ಮಾತು ಮಾತ್ರ ಸ್ಪಷ್ಟವಾಗಿ ಬಂತು.

"ಮಲ್ಲ್ಯಾ, ಇಕಿನ್ನ ಕರಕೊಂಡು ಹೋಗೋ."

ಅಲ್ಲಿ ಅವಳೊಬ್ಬಳೇ ಇದ್ದಳು. 'ಇಕಿ', ಅಂದರೆ ಈಕೆ, ಯಾರೆಂದು ನಾನು ಆಚೀಚೆ ಹುಡುಕಿದೆ. ಮತ್ತೆ ನೋಡಿದಾಗ ಕಲ್ಲು ಬರಿದಾಗಿತ್ತು.

ಅಂಬಿಗನನ್ನು ಎಬ್ಬಿಸಿದೆವು. ಅವನಿಗೆ ಏನೂ ಕೇಳಿಸಿರಲಿಲ್ಲ. "ಅಲ್ಲಿ ಯಾರೂ ಒಗಿಯೂದಿಲ್ರಿ ಈಗ. ಉಸುಕು ತಗದು ಆಳೆತ್ತರ ಗುಂಡಿ ಬಿದ್ದಾವ" ಎಂದ. ಆದರೂ ದಾಟಿಸಿದ. ಆಚೆ ಕಲ್ಲು ಕಾದು ಸುಡುತ್ತಿತ್ತು, ಒಂದು ಹನಿ ನೀರಿನ ಗುರುತಿರಲಿಲ್ಲ.

ಮಲ್ಲಿನಾಥ ನೇರವಾಗಿ ಅಕ್ಕನ ಗಂಡನ ಮನೆಗೆ ನಡೆದ. ಅಕ್ಕನ ಅತ್ತೆ ಗುರುತು ಹಿಡಿದು ನಗುನಗುತ್ತ ಜಮಖಾನೆ ಹಾಸಿದಳು. ಗಡಿಯ ಆ ಊರುಗಳಲ್ಲಿ ಕನ್ನಡವೂ ನಡೆಯುತ್ತದೆ. ಮಗನಿಗೆ ಇನ್ನೊಂದು ಮದುವೆಯಾಗಿತ್ತು. ಆ ಹೊಸ ಸೊಸೆ ಸುನಂದಾ ಚಹಾ ತಂದಳು. ದೂರದ ಊರಿನವಳು, ಮರಾಠಿ ಬಿಟ್ಟರೆ ಬೇರೇನೂ ಬಾರದು. ಕಪ್ಪು ಕೊಡುವಾಗ ಸೆರಗು ಸರಿಯಿತು. ಮುಂಗೈಯಿಂದ ಮೊಣಕೈ ಮೇಲಿನವರೆಗೂ ಸುಟ್ಟ ಗಾಯ, ಹಳೆಯವು ಕೆಲವು, ಹಸಿಯವು ಕೆಲವು.

ನಾನು ನೋಡಿದ್ದನ್ನು ಅತ್ತೆ ನೋಡಿದಳು. "ರೊಟ್ಟಿ ಮಾಡೂದೇ ಬರೂದಿಲ್ರಿ ಇಕಿಗೆ. ಹಂಚಿನ ಮ್ಯಾಗ ಕೈ ಇಡ್ತಾಳ" ಎಂದು ನಕ್ಕಳು.

'ಇಕಿ' ಎಂಬ ಆ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಮಲ್ಲಿನಾಥನ ಕಡೆ ನೋಡಿದೆ. ಅವನು ತಲೆ ಎತ್ತಲೇ ಇಲ್ಲ.

ಅತ್ತೆ ಸಕ್ಕರೆ ತರಲು ಒಳಗೆ ಹೋದಾಗ, ನನ್ನ ಅರೆಬರೆ ಮರಾಠಿಯಲ್ಲಿ ಸುನಂದಾಗೆ ಕೇಳಿದೆ: ನಮ್ಮ ಜೊತೆ ಬರುತ್ತೀಯಾ? ಅವಳು ಅಳಲಿಲ್ಲ, ಬೆಚ್ಚಿಬೀಳಲೂ ಇಲ್ಲ. "ಎಲ್ಲಿಗೆ?" ಎಂದಳು. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದು. ಮಲ್ಲಿನಾಥ, ಕಮಲಾಪುರಕ್ಕೆ, ಅಲ್ಲಿ ನಮ್ಮವ್ವ ಇದ್ದಾಳೆ ಎಂದು ಹೇಳುವಂತೆ ನನಗೆ ಪಿಸುಗುಟ್ಟಿದ. ಹೇಳಿದೆ. ಅವಳು ಯೋಚಿಸುತ್ತಿದ್ದಳು. ಅಷ್ಟರಲ್ಲಿ ಸಕ್ಕರೆ ಬಂತು, ಹಿಂದೆಯೇ ಹೊಲದಿಂದ ಗಂಡನೂ ಬಂದು ಬಾಗಿಲಲ್ಲಿ ನಿಂತ. ಸುನಂದಾ ಚಹಾದ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ನಾವು ಸುಮ್ಮನೆ ಕೂರಲಿಲ್ಲ. ಈಚೆ ದಂಡೆಯ ಠಾಣೆಗೆ ಹೋದೆವು. "ಹೊಳಿ ನಡುವಿನತನಕ ನಮ್ದು. ಆಚೀ ದಂಡಿ ನಮಗ ಬರೂದಿಲ್ರಿ" ಎಂದರು. ಸೇತುವೆ ಸುತ್ತಿ ಆಚೆಯ ಠಾಣೆಗೂ ಹೋದೆವು. ಅವರು ನಮ್ಮೆದುರೇ ಒಬ್ಬ ಪೇದೆಯನ್ನು ಆ ಮನೆಗೆ ಕಳಿಸಿದರು. ಅತ್ತೆ ಪಕ್ಕದಲ್ಲಿ ನಿಂತಿರುವಾಗ ಸುನಂದಾ ಆರಾಮ ಇದ್ದೇನೆ ಎಂದಳಂತೆ. ಅಲ್ಲಿಗೆ ಅದು ಮುಗಿಯಿತು.

ಮಳೆಗಾಲಕ್ಕೆ ಮುಂಚೆ ಅಂಬಿಗ ಮಲ್ಲಿನಾಥನಿಗೆ ಫೋನು ಮಾಡಿದ. ಸುನಂದಾಳ ಹೆಣ ಈಚೆ ದಂಡೆಗೆ ಬಂದು ಹತ್ತಿತ್ತು. ನಾವು ಹೋದಾಗ ಮಧ್ಯಾಹ್ನ ದಾಟಿತ್ತು. ಬಿದ್ದದ್ದು ಆಚೆ, ಸಿಕ್ಕಿದ್ದು ಈಚೆ, ಯಾರು ಬರೆದುಕೊಳ್ಳಬೇಕೆಂದು ಎರಡೂ ಠಾಣೆಯವರು ಫೋನಿನಲ್ಲಿ ಜಗ್ಗಾಡುತ್ತಿದ್ದರು. ಅವಳು ಉಸುಕಿನ ಮೇಲೆ ಬಿಸಿಲಲ್ಲೇ ಇದ್ದಳು, ಮೇಲೊಂದು ಗೊಬ್ಬರದ ಚೀಲ. ಮಲ್ಲಿನಾಥ ನಾಯಿ ಓಡಿಸುತ್ತ ಸಂಜೆಯವರೆಗೆ ಅಲ್ಲೇ ಕುಳಿತ. ಗಂಡನ ಮನೆಯವರು ಹೇಳಿದ್ದೂ ಅದನ್ನೇ: ಬಟ್ಟೆ ಒಗೆಯಲು ಹೋಗಿದ್ದಳು, ಕಾಲು ಜಾರಿತು.

ಆ ಮಧ್ಯಾಹ್ನದ ಬಗ್ಗೆ ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡಿದ್ದೇನೆ. ಮಲ್ಲಿನಾಥ ಕಾರಿನಲ್ಲಿ ಅಕ್ಕನ ಕಥೆ ಹೇಳಿದ್ದ, ಬಿಸಿಲಿತ್ತು, ನೀರು ಕಣ್ಣು ಕುಕ್ಕುತ್ತಿತ್ತು. ಆದರೆ ಸುನಂದಾ ಎಂಬುವಳೊಬ್ಬಳು ಇದ್ದಾಳೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೇಳಿದ್ದು ಒಂದೇ ಮಾತು. ಅದನ್ನು ಆಡಿದವರು ಯಾರು? ನಮ್ಮ ಕೈಲಿ ಏನೂ ಆಗಲಾರದೆಂದು ಅವರಿಗೆ ತಿಳಿದಿರಲಿಲ್ಲವೇ?

ಆಮೇಲೊಂದು ದಿನ ಮಲ್ಲಿನಾಥ ನನ್ನನ್ನು ಕಮಲಾಪುರಕ್ಕೆ ಕರೆದೊಯ್ದ. ಅವನ ತಾಯಿ ತೋಟದ ಅಂಚಿಗೆ ಕುಳಿತು ಕೆಂಪು ಬಾಳೆಯ ಗೊನೆಯಿಂದ ಚಿಪ್ಪು ಬಿಡಿಸುತ್ತಿದ್ದಳು. ಅವಳಿಗೆ ಅವನು ಅಷ್ಟು ದಿನ ಏನೂ ಹೇಳಿರಲಿಲ್ಲ. ಆ ದಿನ ಎಲ್ಲ ಹೇಳಿದ, ಕಲ್ಲು, ಹಸಿರು ಸೀರೆ, ಮಾತು. ಆಕೆ ಕುಡುಗೋಲು ಕೆಳಗಿಟ್ಟಳು. ಆಮೇಲೆ ಮಗನನ್ನು ಬಿಟ್ಟು ನನ್ನನ್ನು ಕೇಳಿದಳು:

"ಸತ್ತ ಮ್ಯಾಗೂ ನನ್ನ ಮಗಳಿಗೆ ಆ ಮನಿ ಅರಿವಿ ಒಗಿಯೂದು ತಪ್ಪಿಲ್ಲೇನ್ರಿ ಸರ?"

ಅಲ್ಲಿ ಯಾರೂ ಇರಲಿಲ್ಲ, ಬಿಸಿಲಿಗೆ ಹಾಗೆ ಕಂಡಿತು ಎಂದು ಹೇಳಿದ್ದರೆ ಆ ತಾಯಿಗೆ ಸಮಾಧಾನವಾಗುತ್ತಿತ್ತು. ಆದರೆ ಕಲ್ಲಿಗೆ ಬಟ್ಟೆ ಬಡಿದ ಸದ್ದನ್ನು ನಾನೂ ಕೇಳಿದ್ದೆ.