ಕಲ್ಲಕ್ಕನ ಕಿವಿಗಲ್ಲು

ಮೀನು ಮಾರುಕಟ್ಟೆಯ ಏಳನೇ ಕಟ್ಟೆ ಕಲ್ಲಕ್ಕನದು. ಇಪ್ಪತ್ತಾರು ವರ್ಷಗಳಿಂದ ಅಲ್ಲೇ ನಿಂತು ಮೀನು ಕತ್ತರಿಸಿದವಳು. ದೊಡ್ಡ ತಲೆಯ ಮೀನು ಸಿಕ್ಕಿದರೆ ಒಂದೇ ಏಟಿಗೆ ಬುರುಡೆ ಸೀಳಿ, ಒಳಗಿನ ಎರಡು ಬಿಳಿ ಕಲ್ಲುಗಳನ್ನು ಉಗುರಿನಿಂದ ಮೀಟಿ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಹೆಸರು ಬಂದದ್ದೂ ಅದರಿಂದಲೇ. ಮನುಷ್ಯರಿಗೆ ಮೂತ್ರಪಿಂಡದಲ್ಲಿ ಕಲ್ಲು ಬೆಳೆಯುವ ಹಾಗೆ ಮೀನಿಗೆ ತಲೆಯಲ್ಲಿ ಬೆಳೆಯುವ ರೋಗ ಅದು ಎಂದು ಅವಳ ನಂಬಿಕೆ. ಗಿರಾಕಿಗಳನ್ನೂ ಹಾಗೇ ನಂಬಿಸಿದ್ದಳು.

ಒಂದು ಗುರುವಾರ ಕೆಳಗಿನ ಬುಟ್ಟಿಗೆ ಬಗ್ಗಿದ್ದೇ ತಡ, ಇಡೀ ಮಾರುಕಟ್ಟೆ ಬುಗುರಿಯಂತೆ ತಿರುಗಿತು. ಕತ್ತಿ ಕೈಜಾರಿ, ಕಟ್ಟೆಗಳ ಉಸ್ತುವಾರಿ ನೋಡುವ ಮೇಸ್ತ್ರಿಯ ಚಪ್ಪಲಿಯ ಪಕ್ಕದಲ್ಲೇ ಬಿತ್ತು.

"ಬೆಳಬೆಳಗ್ಗೆನೇ ಏರಿಸ್ಕೊಂಡು ಬಂದಿದೀಯೇನೇ?"

"ನಿಮ್ಮ ಬಾಯಿಗೆ ಮಣ್ಣು ಹಾಕ! ತಲೆ ತಿರುಗ್ತು."

"ಸೋಮವಾರ ನನ್ನೆದುರು ನೆಟ್ಟಗೆ ನಿಂತು ಕತ್ತರಿಸು. ಆಗ್ದಿದ್ರೆ ಕಟ್ಟೆ ಬೇರೆಯವ್ರಿಗೆ."

ಆ ಕಟ್ಟೆ ಮೇಸ್ತ್ರಿಯ ಅಪ್ಪನ ಆಸ್ತಿಯಲ್ಲ. ಕತ್ತರಿಸುವ ಹೆಂಗಸರು ಹಿಂದೊಮ್ಮೆ ಒಂಬತ್ತು ದಿನ ಮಾರುಕಟ್ಟೆಯ ಗೇಟಿಗೆ ಅಡ್ಡ ಕೂತು, ಪೊಲೀಸರ ಏಟು ತಿಂದು ಕಿತ್ತುಕೊಂಡದ್ದು. ಲಾಠಿಗೆ ಬಗ್ಗದವಳು ತಲೆಸುತ್ತಿಗೆ ಬಗ್ಗಿ ಅದನ್ನು ಬಿಟ್ಟುಕೊಡುವುದೇ?

ನಾದಿನಿ ಅವಳನ್ನು ಕಿವಿ ಡಾಕ್ಟರಮ್ಮನ ಬಳಿ ಎಳೆದೊಯ್ದಳು. ಮಲಗಿಸಿ, ಎಬ್ಬಿಸಿ, ಕಣ್ಣು ನೋಡಿದ ಡಾಕ್ಟರಮ್ಮ, "ಕಿವಿಯೊಳಗಿನ ಕಲ್ಲು ಜಾರಿದೆ" ಎಂದರು.

ಕಲ್ಲಕ್ಕ ಚೀಲದಿಂದ ಡಬ್ಬಿ ತೆಗೆದಳು. "ಇಂಥದ್ದಾ?"

"ಅದೇ ಜಾತಿ. ನಿಮ್ಮದು ಪುಡಿಪುಡಿ."

"ರೋಗದ ಕಲ್ಲು ತಾನೇ, ತೆಗೆದು ಬಿಸಾಕಿ ಮತ್ತೆ! ನಾನು ಒಂದೇ ಏಟಿಗೆ ಎರಡೂ ತೆಗೀತೀನಿ."

"ಆಮೇಲೆ ನಿಮ್ಮ ಮೀನು ಎದ್ದು ಈಜುತ್ತಾ?"

ನಾದಿನಿ ಕಿಸಕ್ಕೆಂದಳು.

"ಅದು ರೋಗ ಅಲ್ಲಮ್ಮ. ಮೇಲ್ಯಾವುದು, ಕೆಳಗ್ಯಾವುದು ಅಂತ ಮೀನಿಗೂ ನಿಮಗೂ ಹೇಳೋದೇ ಆ ಕಲ್ಲು. ಸಣ್ಣ ಕೂದಲಿನ ಹಾಸಿಗೆ ಮೇಲೆ ಕೂತಿರುತ್ತೆ. ತಲೆ ವಾಲಿದ್ರೆ ಕಲ್ಲಿನ ಭಾರಕ್ಕೆ ಕೂದಲು ಬಾಗುತ್ತೆ, ಮಿದುಳಿಗೆ ಸುದ್ದಿ ಹೋಗುತ್ತೆ. ನಿಮ್ಮ ಚೂರುಗಳು ಹಾಸಿಗೆ ಬಿಟ್ಟು ಪಕ್ಕದ ನೀರಿನ ಕೊಳವೆಗೆ ನುಗ್ಗಿವೆ. ಬಗ್ಗಿದಾಗೆಲ್ಲ ಅಲ್ಲಿ ಗಲಾಟೆ. ವಾಪಸ್ ಮನೆಗೆ ಕಳಿಸೋಣ."

"ಇಷ್ಟು ವರ್ಷ ರೋಗ ಅಂತ ಊರಿಗೆಲ್ಲ ಸಾರಿದ್ನಲ್ಲೇ!" ಎಂದು ಕಲ್ಲಕ್ಕ ನಾದಿನಿಯ ಮುಖ ನೋಡಿದಳು.

ಡಾಕ್ಟರಮ್ಮ ಅವಳ ತಲೆಯನ್ನು ಮಂಚದಂಚಿನಿಂದ ಇಳಿಬಿಟ್ಟು ಬಲಕ್ಕೆ ಹಿಡಿದರು, ಕಾದು ಎಡಕ್ಕೆ ತಿರುಗಿಸಿದರು, ಮೈಯನ್ನೂ ಹೊರಳಿಸಿ ಕೂರಿಸಿದರು. ಮೊದಲ ಸುತ್ತಿಗೆ ಕಲ್ಲಕ್ಕ ಮಂಚ, ಗೋಡೆ, ಮೇಸ್ತ್ರಿ, ಎಲ್ಲರಿಗೂ ಬೈದಳು. ಎರಡನೆಯದಕ್ಕೆ ಬೈಗುಳ ಅರ್ಧಕ್ಕೆ ನಿಂತಿತು. ಮೂರನೆಯದಕ್ಕೆ ಗೋಡೆ ಗೋಡೆಯ ಜಾಗದಲ್ಲೇ ಇತ್ತು.

ಸೋಮವಾರ ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟು ನಿಂತ. ಕಲ್ಲಕ್ಕ ಬೇಕೆಂದೇ ತೀರ ಕೆಳಗಿನ ಬುಟ್ಟಿಗೆ ಬಗ್ಗಿದಳು, ಒಂದು ಕ್ಷಣ ಹಾಗೇ ಕಾದಳು. ನೆಲ ಅಲುಗಲಿಲ್ಲ. ಎದ್ದು ಒಂದೇ ಏಟು. ಎರಡು ಕಲ್ಲು ಮೀಟಿ ಮೇಸ್ತ್ರಿಯ ಅಂಗೈಗೆ ಹಾಕಿದಳು.

"ಇಟ್ಕೊಳ್ಳಿ. ಮೇಲೆ ಕೆಳಗೆ ಗೊತ್ತಾಗುತ್ತಂತೆ."

ಹಾಗೆಂದವಳೇ ಮುಂದಿನ ಗಿರಾಕಿಯತ್ತ ತಿರುಗಿದಳು. "ತಲೆ ಬೇಕಾ, ಬಿಡಲಾ?"