ಯೂರಿಯಾ ಆವುಲಪ್ಪ

ನಮ್ಮ ಅಪ್ಪನ ಹೆಸರು ಆವುಲಪ್ಪ. ಚಿಂತಾಮಣಿಯಿಂದ ಮುರುಗಮಲ್ಲದವರೆಗೆ ಯಾರನ್ನು ಬೇಕಾದರೂ ಕೇಳಿ ನೋಡಿ. "ಯಾವ ಆವುಲಪ್ಪ, ಯೂರಿಯಾ ಆವುಲಪ್ಪನಾ?" ಎಂದು ಹಲ್ಲು ಕಿರಿಯುತ್ತಾರೆ. ಇಪ್ಪತ್ತಾರು ವರ್ಷ ಜೆಸಿಬಿ ಓಡಿಸಿ ಒಂದೇ ಒಂದು ನೀರಿನ ಪೈಪು ಒಡೆಯದ ಮನುಷ್ಯನಿಗೆ ಊರು ಕೊಟ್ಟ ಬಿರುದು ಇದು. ಕೊಟ್ಟವರ ನಾಲಿಗೆಗೆ ಹುಳ ಬೀಳಲಿ ಎಂದು ದಿನಕ್ಕೊಮ್ಮೆಯಾದರೂ ಶಪಿಸುತ್ತೇನೆ. ಹೈಸ್ಕೂಲಿನ ವಿಜ್ಞಾನದ ಟೀಚರ್ ಶಾಪ ಹಾಕಬಾರದು, ಗೊತ್ತು. ಆದರೂ ಹಾಕುತ್ತೇನೆ.

ಅಪ್ಪ ಓದಿದ್ದು ಮೂರನೇ ಕ್ಲಾಸು. ಮದುವೆಗೆ ಮುಂಚೆ ವೆಂಕಟರಾಮಪ್ಪ ಎಂಬ ಕಂಟ್ರಾಕ್ಟರನ ಹತ್ತಿರ ಕಲ್ಲು ಹೊರುವ ಕೆಲಸಕ್ಕೆ ಸೇರಿದ. ಡ್ರೈವರು ಊಟಕ್ಕೆ ಇಳಿದಾಗ ಜೆಸಿಬಿಯ ಸೀಟಿನಲ್ಲಿ ಕೂತು, ಎಂಜಿನ್ ಆಫ್ ಇರುವಾಗಲೇ ಲಿವರುಗಳನ್ನು ಆಡಿಸಿ ಆಡಿಸಿ ಕಲಿತ. ಕಲಿತ ಮೇಲೆ ಅವನ ಕೈ ಬಿಟ್ಟರೆ ಬೇರೆ ಕೈ ಬೇಡ ಎನ್ನುವಂತಾಯಿತು. ಹಿಪ್ಪುನೇರಳೆ ಸಾಲಿನ ನಡುವೆ ಡ್ರಿಪ್ ಪೈಪಿಗೆ ತಾಗದಂತೆ ಕಾಲುವೆ ತೆಗೆಯಬೇಕಾದರೆ ಶಿಡ್ಲಘಟ್ಟದ ರೈತರು "ಆವುಲಪ್ಪ ಬರೋದಾದ್ರೆ ಗಾಡಿ ಕಳ್ಸಿ" ಎನ್ನುತ್ತಿದ್ದರು. ಬೇರೆಯವರು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವ ಜಾಗದಲ್ಲಿ ಅಪ್ಪ ಸಣ್ಣದೊಂದು ಬುದ್ಧನ ಫೋಟೋ ಅಂಟಿಸಿದ್ದ. ವೆಂಕಟರಾಮಪ್ಪ ಅದನ್ನು ಕಂಡೂ ಕಾಣದಂತೆ ಇರುತ್ತಿದ್ದ. ಕೆಲಸ ನಡೆಯಬೇಕಲ್ಲ.

ಹೋದ ವರ್ಷ ವೆಂಕಟರಾಮಪ್ಪ ಹಳೇ ಗಾಡಿ ಮಾರಿ ಹೊಸದು ತಂದ. ಹಳೆಯದಕ್ಕೆ ನಮ್ಮ ಕಡೆ ಪಂಪ್ ಗಾಡಿ ಎನ್ನುತ್ತಾರೆ. ಡೀಸೆಲ್ ಪಂಪು, ನಾಜಲ್, ಅಷ್ಟೇ. ಕೆಟ್ಟರೆ ಹೊಲದಲ್ಲೇ ಬಿಚ್ಚಿ ಕಟ್ಟಬಹುದು. ಹೊಸದು ಸೆನ್ಸರ್ ಗಾಡಿ. ಹೊಗೆ ಕಡಿಮೆ ಮಾಡಬೇಕೆಂಬ ನಿಯಮಕ್ಕೆ ತಕ್ಕಂತೆ ಮಾಡಿದ್ದು. ಅದರಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ನೀಲಿ ಮುಚ್ಚಳದ ಇನ್ನೊಂದು ಪುಟ್ಟ ಟ್ಯಾಂಕು. ಕ್ಯಾನಿನಲ್ಲಿ ಬರುವ ನೀರಿನಂಥ ದ್ರಾವಣವನ್ನು ಅದಕ್ಕೆ ತುಂಬಿಸಬೇಕು, ಇಲ್ಲದಿದ್ದರೆ ಗಾಡಿ ಏರಲೊಲ್ಲದು, ಎಳೆಯಲೊಲ್ಲದು. ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ವಾಯುಮಾಲಿನ್ಯದ ಪಾಠ ಮಾಡುವವಳು ನಾನೇ, ಇಪ್ಪತ್ತಾರು ವರ್ಷದ ಹೊಗೆ ಅಪ್ಪನ ಎದೆಯಲ್ಲಿ ಕೂತು ಕೆಮ್ಮುವುದನ್ನು ಬೆಳಗಾಗೆದ್ದು ಕೇಳುವವಳೂ ನಾನೇ. ನನ್ನ ಸಿಟ್ಟು ಗಾಡಿಯ ಮೇಲಲ್ಲ, ಆ ದ್ರಾವಣಕ್ಕೆ ಇವರೆಲ್ಲ ಇಟ್ಟ ಹೆಸರಿನ ಮೇಲೆ. ಷೋರೂಮಿನವನ ಬಾಯಲ್ಲೂ, ವೆಂಕಟರಾಮಪ್ಪನ ಬಾಯಲ್ಲೂ ಅದು ಬರೀ "ಯೂರಿಯಾ". ಗಾಡಿ ಬಂದ ದಿನ ಷೋರೂಮಿನವನು ಎಲ್ಲವನ್ನೂ ವಿವರಿಸಿ ಹೇಳಿದ್ದು ಯಾರಿಗೆ? ವೆಂಕಟರಾಮಪ್ಪನ ಇಬ್ಬರು ಅಳಿಯಂದಿರಿಗೆ, ಬಿರಿಯಾನಿ ಊಟದ ಜೊತೆ. ಓಡಿಸುವವನು ಹೊರಗೆ ನಿಂತು ಗಾಜು ಒರೆಸುತ್ತಿದ್ದ.

ಮುರುಗಮಲ್ಲದ ಹತ್ತಿರ ಒಂದು ತೋಟದಲ್ಲಿ ಕೃಷಿ ಹೊಂಡ ತೋಡುವಾಗ ಆ ಪುಟ್ಟ ಟ್ಯಾಂಕಿನ ಕೆಂಪು ದೀಪ ಹತ್ತಿಕೊಂಡಿತು. ಅಪ್ಪ ವೆಂಕಟರಾಮಪ್ಪನಿಗೆ ಫೋನು ಮಾಡಿದ. "ಲೇ ಆವುಲ, ಯೂರಿಯಾ ಹಾಕ್ಕೊಳೋ. ಅದಕ್ಕೂ ನನ್ನೇ ಕೇಳ್ಬೇಕಾ?" ಎಂದು ಅವನು ಫೋನು ಇಟ್ಟುಬಿಟ್ಟ. ತೋಟದ ಶೆಡ್ಡಿನಲ್ಲಿ ಗೊಬ್ಬರದ ಯೂರಿಯಾ ಮೂಟೆ ಇತ್ತು. ಅಪ್ಪನಿಗೆ ಅನುಮಾನ. ಅದಕ್ಕೇ ನನಗೆ ಫೋನು ಮಾಡಿದ. ಶಾಲೆಯಲ್ಲಿ ಊಟದ ಬೆಲ್ಲು ಹೊಡೆದಿತ್ತು.

"ರೂಪಮ್ಮಾ, ಗಾಡಿಗೆ ಯೂರಿಯಾ ಹಾಕ್ಬೇಕಂತೆ ಕಣಮ್ಮ. ಇಲ್ಲೊಂದು ಮೂಟೆ ಐತೆ. ಇದ್ನ ಹಾಕ್ಬೋದಾ? ಎಷ್ಟು ನೀರಿಗೆ ಎಷ್ಟು?"

ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಮೊಬೈಲು. ಹುಡುಕಿ ನೋಡಿದೆ. ನೂರಕ್ಕೆ ಮೂವತ್ತೆರಡೂವರೆ ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು ಎಂದಿತ್ತು. "ಹಾಕ್ಬೋದಪ್ಪ. ಒಂದು ಪಾಲು ಯೂರಿಯಾ, ಎರಡು ಪಾಲು ಫಿಲ್ಟರ್ ನೀರು. ಬಟ್ಟೇಲಿ ಸೋಸಿ ಹಾಕು" ಎಂದೆ. ಬಿ.ಎಸ್ಸಿ., ಬಿ.ಎಡ್. ಮಾಡಿದ ಮಹಾತಾಯಿ! ಹೊಲದ ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುತ್ತಾರೆ ಎಂದು ನಮ್ಮ ಹಟ್ಟಿಯಲ್ಲಿ ಗೊಬ್ಬರ ಎರಚಲು ಹೋಗುವ ಹೆಂಗಸರಿಗೂ ಗೊತ್ತು. ನನಗೂ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ಅವಸರ ಒಂದು ಕಡೆ, ಉತ್ತರ ನನಗೆ ಗೊತ್ತು ಎಂಬ ಕೊಬ್ಬು ಇನ್ನೊಂದು ಕಡೆ.

ಮಾರನೆಯ ದಿನವೇ ಗಾಡಿ ನಿಂತಿತು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಫಿಲ್ಟರಿನಲ್ಲಿ ಜಿಡ್ಡು, ಪೈಪಿನ ತುಂಬ ಉಪ್ಪಿನಂತೆ ಬಿಳೀ ಹರಳು. ವೆಂಕಟರಾಮಪ್ಪ ಹತ್ತು ಜನರ ಎದುರು ಕೂಗಾಡಿದ. "ಹೆಬ್ಬೆಟ್ಟು ನನ್ಮಗನೆ, ಗೊಬ್ಬರ ಹಾಕು ಅಂತ ಯಾವೋನೋ ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ ಸಾಮಿ. ನಾನೇ ಹಾಕ್ದೆ" ಎಂದ ಅಪ್ಪ.

ಅಂದೇ ಕೆಲಸ ಹೋಯಿತು. ನಾನು ಹೋಗಿ ನಿಜ ಹೇಳಿ ಬರುತ್ತೇನೆ ಎಂದು ಹೊರಟರೆ ಅಪ್ಪ ಬಾಗಿಲಿಗೆ ಅಡ್ಡ ನಿಂತ. "ನೀನು ಬಾಯಿ ಬಿಟ್ರೆ ನನ್ನಾಣೆ" ಎಂದ. ಅಷ್ಟು ಸಾಕಾಯಿತು ನನಗೆ, ಸುಮ್ಮನಾದೆ. ಆಣೆಗೆ ಹೆದರಿ ಅಲ್ಲ, ಹೇಡಿತನಕ್ಕೆ ಒಂದು ನೆಪ ಸಿಕ್ಕಿತ್ತು.

ಆ ಮೇಲೆ ನಡೆದ ತಮಾಷೆ ನೋಡಿ. ಗಾಡಿ ಕೆಟ್ಟ ಸುದ್ದಿ ಕೇಳಿ ಸೆನ್ಸರ್ ಗಾಡಿ ಎಂದರೆ ಜನರಿಗೆ ಭಯ ಹತ್ತಿತು. ಟ್ರ್ಯಾಕ್ಟರಾಗಲಿ ಜೆಸಿಬಿಯಾಗಲಿ, ಹಳೇ ಪಂಪ್ ಗಾಡಿಯೇ ಬೇಕು ಎಂದು ಚಿಕ್ಕಬಳ್ಳಾಪುರದ ಶೆಡ್ಡುಗಳನ್ನೆಲ್ಲ ಸುತ್ತತೊಡಗಿದರು. ಹಳೆಯದನ್ನು ನೋಡಿ ಆರಿಸಲು ಅವರಿಗೆ ಬೇಕಾದವನು ಯಾರು? ಆವುಲಪ್ಪ! ಬೆನ್ನ ಹಿಂದೆ ಯೂರಿಯಾ ಎಂದು ನಕ್ಕವರೇ ಮನೆ ಮುಂದೆ ಬೈಕು ನಿಲ್ಲಿಸಿ "ಅಣ್ಣಾ, ಒಂದು ಗಾಡಿ ನೋಡ್ಬೇಕು, ಬಾರಣ್ಣಾ" ಎನ್ನುತ್ತಿದ್ದರು. ಅಪ್ಪ ಹೋಗುತ್ತಿದ್ದ. ಆದರೆ ಅವನು ಆರಿಸಿಕೊಟ್ಟ ಒಂದು ಗಾಡಿಯ ಮೇಲಾದರೂ ಅವನನ್ನು ಡ್ರೈವರನಾಗಿ ಕೂರಿಸಿದರೇ? ಇಲ್ಲ. ನೋಡುವುದಕ್ಕೆ ಆವುಲಪ್ಪ ಬೇಕು, ಓಡಿಸುವುದಕ್ಕೆ ಬೇಡ. ಒಂದು ವರ್ಷ ಹೀಗೇ ಕಳೆಯಿತು. ಕೊನೆಗೆ ನಾವೇ ಒಂದು ಹಳೇ ಜೆಸಿಬಿ ಕೊಳ್ಳೋಣ ಎಂದು ನಾನೇ ಹಟ ಹಿಡಿದೆ. ಗಾಡಿಯ ಮೇಲೆ ಕೂರದಿದ್ದರೆ ಈ ಮನುಷ್ಯ ಬದುಕುವುದಿಲ್ಲ ಎಂದು ನನಗೆ ಕಾಣುತ್ತಿತ್ತು.

ಗೌರಿಬಿದನೂರಿನಲ್ಲಿ ನರಸಪ್ಪ ಎಂಬ ಹಳೇ ಕಂಟ್ರಾಕ್ಟರು ಕೆಲಸ ಬಿಟ್ಟು ತಮ್ಮ ಗಾಡಿ ಮಾರುತ್ತಿದ್ದರು. ಒಬ್ಬರದೇ ಕೈಯಲ್ಲಿ ಹದಿನಾರು ವರ್ಷ ಓಡಿದ ಪಂಪ್ ಗಾಡಿ. ಭಾನುವಾರ ನಾನೂ ಅಪ್ಪನೂ ಹೋದೆವು. ಅಪ್ಪ ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿದ್ದರೆ ನಾವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಐಬು ಮುಚ್ಚಿಟ್ಟಿದ್ದಾರೆ ಎಂದರ್ಥ. ತಣ್ಣಗಿತ್ತು. ಆಯಿಲ್ ಕಡ್ಡಿ ಎಳೆದು ಬೆರಳಿನಲ್ಲಿ ಉಜ್ಜಿದ. ಹೊಗೆ ಮುಚ್ಚಲು ಮಂದದ ಆಯಿಲ್ ಸುರಿದಿರಲಿಲ್ಲ. ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದ. ನೀಲಿ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಬಿಡಬೇಕು. ಕಪ್ಪು ಬಂತು, ನಾಜಲ್ ಸರಿಮಾಡಿಸಿದರೆ ಸಾಕು. ಬಕೆಟ್ಟನ್ನು ಮೇಲೆತ್ತಿ ಆಫ್ ಮಾಡಿ, ಒಂದು ಬೀಡಿ ಸೇದುವಷ್ಟು ಹೊತ್ತು ಅದನ್ನೇ ನೋಡುತ್ತ ನಿಂತ. ಇಳಿದರೆ ಒಳಗೆಲ್ಲೋ ಆಯಿಲ್ ಸೋರುತ್ತಿದೆ ಎಂದು. ಒಂದು ಬೆರಳಷ್ಟೂ ಇಳಿಯಲಿಲ್ಲ. ವರ್ಷದ ಮೇಲೆ ಮೊದಲ ಸಲ ಅಪ್ಪನ ಮುಖ ಅರಳಿದ್ದು ಕಂಡೆ.

"ಚೆನ್ನಾಗಿ ನೋಡ್ತೀಯಲ್ಲಪ್ಪ. ಏನು ಹೆಸ್ರು?" ಎಂದರು ನರಸಪ್ಪ.

"ಆವುಲಪ್ಪ ಸಾಮಿ. ಚಿಂತಾಮಣಿ ಕಡೆ."

ನರಸಪ್ಪ ಗಾಡಿಯ ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. "ಆ ಯೂರಿಯಾ ಆವುಲಪ್ಪ ನೀನೇನಾ? ವದ್ದಪ್ಪಾ, ವದ್ದು, ಕೊಡಾಕಿಲ್ಲ. ಮಗು ಸಾಕ್ದಂಗೆ ಸಾಕಿವ್ನಿ ಇದ್ನ. ನಿನ್ ಕೈಗೆ ಕೊಟ್ರೆ ಡೀಸೆಲ್ ಟ್ಯಾಂಕಿಗೆ ಪೊಟ್ಯಾಷ್ ಸುರೀತೀಯ."

ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ಗೇಟಿನ ಕಡೆ ತಿರುಗಿದ. ನನ್ನ ಮೈ ಉರಿದುಹೋಯಿತು. ನಕ್ಕವರ ಮೇಲೆ ಎಷ್ಟೋ ಅದರ ಹತ್ತರಷ್ಟು ನನ್ನ ಮೇಲೆ.

"ನಿಂತ್ಕೊಳ್ಳಿ ಸ್ವಾಮಿ," ಎಂದೆ. "ಯೂರಿಯಾ ಹಾಕು ಅಂದಿದ್ದು ನಾನು. ಅಳತೆ ಹೇಳಿದ್ದೂ ನಾನೇ. ನಾನು ಹೈಸ್ಕೂಲ್ ಸೈನ್ಸ್ ಟೀಚರ್. ನಮ್ಮಪ್ಪ ಗೊತ್ತಿಲ್ದಿದ್ದನ್ನ ಇಬ್ಬರ ಹತ್ರ ಕೇಳಿ ಮಾಡಿದ. ಒಬ್ಬ ಫೋನ್ ಇಟ್ಟ, ಇನ್ನೊಬ್ಬಳು ತಪ್ಪು ಹೇಳಿದ್ಲು. ನಗೋದಾದ್ರೆ ನನ್ನ ನೋಡಿ ನಗ್ರಿ."

ನಗು ನಿಂತಿತು. ನರಸಪ್ಪ ಅಪ್ಪನನ್ನೇ ನೋಡಿದರು. "ಅವುನಾ? ನಿಜಾನಾ?" ಅಪ್ಪ ತಲೆ ಎತ್ತಲಿಲ್ಲ. ನರಸಪ್ಪ ಜೇಬಿನಿಂದ ಕೀಲಿ ತೆಗೆದು ಅಪ್ಪನ ಕೈಯಲ್ಲಿಟ್ಟರು. "ಮಗಳಿಗೋಸ್ಕರ ವರ್ಷ ಪೂರ್ತಿ ಬೈಸ್ಕೊಂಡೋನು ನನ್ ಗಾಡೀನೂ ಕಾಪಾಡ್ತಾನೆ. ತಗೊಂಡೋಗಪ್ಪ."

ತಂದಿದ್ದ ದುಡ್ಡು ಎಣಿಸಿ ಕೊಟ್ಟೆ. ಗೆದ್ದೆ ಎಂದುಕೊಂಡೆ. ಗೇಟಿನಾಚೆ ಬಂದೊಡನೆ ಅಪ್ಪ ನನ್ನ ಮೇಲೆ ಎಗರಿಬಿದ್ದ. ಹುಟ್ಟಿದಾಗಿನಿಂದ "ಅಮ್ಮಾ" ಎಂದೇ ಕರೆದವನು ಅವತ್ತು ಹಾಗೆ ಕರೆಯಲಿಲ್ಲ.

"ಯಾರೇ ಬಾಯಿ ಬಿಡು ಅಂದಿದ್ದು ನಿನ್ನ? ನನ್ ಹೆಸ್ರು ಹೋದ್ರೆ ಒಬ್ಬ ಡ್ರೈವರ್ ಹೆಸ್ರು ಹೋಯ್ತು, ಅಷ್ಟೇ. ನಿನ್ ಹೆಸ್ರು ಹೋದ್ರೆ, ಇವರನ್ನ ಓದ್ಸಿ ಏನ್ ಬಂತು ಅಂತಾರೆ. ನಮ್ ಹಟ್ಟೀಲಿ ಇನ್ನೂ ಎಷ್ಟು ಹೆಣ್ಮಕ್ಳು ಓದ್ತಾವೆ ಗೊತ್ತೇನೇ ನಿಂಗೆ?"

ಅವನು ಗಾಡಿ ಹತ್ತಿದ, ನಾನು ಬಸ್ಸು ಹತ್ತಿದೆ. ಮಂಚೇನಹಳ್ಳಿಯ ಹತ್ತಿರ ಬಸ್ಸು ಅವನನ್ನು ಹಿಂದೆ ಹಾಕಿತು. ಕರೀ ಹೊಗೆ ಬಿಡುತ್ತ ಬರುತ್ತಿದ್ದ. ಕಿಟಕಿಯಿಂದ ಕೈ ಬೀಸಿದರೂ ನೋಡಲಿಲ್ಲ. ಇದೆಂಥ ಹಳೇ ಕಾಲದ ಭಯ, ಈಗ ಯಾರು ಹಾಗೆಲ್ಲ ಮಾತಾಡುತ್ತಾರೆ ಎಂದು ಊರು ತಲುಪುವವರೆಗೆ ಅವನನ್ನೂ ಬೈದುಕೊಂಡೆ.

ಸುದ್ದಿ ಗಾಡಿಗಿಂತ ಮುಂಚೆ ಚಿಂತಾಮಣಿಗೆ ಬಂದಿತ್ತು. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಚಲಪತಿ ಸರ್ ಎರಡು ವರ್ಷದ ಹಿಂದೆ ತಮ್ಮ ಡೀಸೆಲ್ ಕಾರಿಗೆ ಪೆಟ್ರೋಲ್ ತುಂಬಿಸಿ ನಡುರಸ್ತೆಯಲ್ಲಿ ನಿಂತಿದ್ದರು. ಎಲ್ಲರೂ ಒಂದು ದಿನ ನಕ್ಕು ಮರೆತೆವು. ಸೋಮವಾರ ಸ್ಟಾಫ್ ರೂಮಿನಲ್ಲಿ ಅವರು ಟೀ ಲೋಟ ಹಿಡಿದು ನನ್ನ ಎದುರು ಬಂದು ಕೂತರು. ಯೂರಿಯಾದ ಮಾತನ್ನೇ ಎತ್ತಲಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದು ಮೆತ್ತಗೆ ನಕ್ಕರು. "ನಿಮ್ಮ ಸೆಲೆಕ್ಷನ್ ಆಗಿದ್ದು ಕೋಟಾದಲ್ಲೇ ಅಲ್ವಾ?"

ಅಪ್ಪ ವರ್ಷವಿಡೀ ಬೈಸಿಕೊಂಡು ನನ್ನವರೆಗೆ ಬರದಂತೆ ತಡೆದದ್ದು ಈ ಒಂದು ಪ್ರಶ್ನೆಯನ್ನು.

"ಹೌದು ಸರ್," ಎಂದೆ, ಇಡೀ ರೂಮಿಗೆ ಕೇಳುವಂತೆ. "ಕೆಲಸ ಕೋಟಾದ್ದೇ. ತಪ್ಪು ಮಾತ್ರ ನನ್ನ ಸ್ವಂತದ್ದು."